ಸುಮ್ನೆ ಹೆಂಗ್ ತಗೊಳ್ಳೋದ್ರಿ ಆಂಟಿ?

ಭಾನುವಾರ ಸಂಜೆ ನನ್ನ ಖಾತೆಗೆ 150 ರೂಪಾಯಿ ಬಂತು. ಜೊತೆಗೊಂದು ಸಾಲು: ‘ಬಾಳೆಹಣ್ಣಿನ ಕೇಕ್ ತುಂಬಾ ಚೆನ್ನಾಗಿತ್ತು ಆಂಟಿ.’

ಕಳಿಸಿದ್ದು ಮಹಡಿ ಮನೆಯ ಹುಡುಗಿ. ಬೆಳಿಗ್ಗೆ ನಾನೇ ಮೆಟ್ಟಿಲು ಹತ್ತಿ ಹೋಗಿ ಸ್ಟೀಲ್ ಡಬ್ಬಿಯಲ್ಲಿ ಅರ್ಧ ಕೇಕು ಕೊಟ್ಟು ಬಂದಿದ್ದೆ. ಸಂಜೆಯೊಳಗೆ ಡಬ್ಬಿ ತೊಳೆದು, ಒರೆಸಿ, ನಮ್ಮ ಬಾಗಿಲ ಪಕ್ಕ ಇಟ್ಟಿದ್ದಳು. ದುಡ್ಡೂ ಬಂದಿತ್ತು. ಬೆಳಿಗ್ಗೆ ಕೊಟ್ಟದ್ದು ಸಂಜೆಗೆ ಚುಕ್ತಾ.

ಮರುದಿನ ಅವಳು ಹಾಲಿನ ಪ್ಯಾಕೆಟ್ ತಗೊಳ್ಳಲು ಕೆಳಗೆ ಬಂದಾಗ ಕೇಳಿದೆ. ‘ಏನಮ್ಮಾ, ದುಡ್ಡು ಯಾಕೆ ಹಾಕಿದೆ?’

‘ಸುಮ್ನೆ ಹೆಂಗ್ ತಗೊಳ್ಳೋದ್ರಿ ಆಂಟಿ? ನಿಮಗೂ ಖರ್ಚಿರುತ್ತಲ್ವಾ?’

ಅಷ್ಟೇ. ಮುಖದಲ್ಲಿ ಕೊಂಕಿಲ್ಲ, ದನಿಯಲ್ಲಿ ಬಿಂಕವಿಲ್ಲ. ನಾನು ಏನಾದರೂ ಹೇಳುವಷ್ಟರಲ್ಲಿ ಮೀಟಿಂಗ್ ಇದೆ ಎಂದು ಮೇಲೆ ಓಡಿದಳು.

ಈ ವಾರವಿಡೀ ಆ ಮಾತು ನನ್ನನ್ನು ಬಿಟ್ಟಿಲ್ಲ. ಹಿಟ್ಟು ನಾದುವಾಗ ಕೇಳುತ್ತದೆ. ಡೇರೆ ಹೂವಿನ, ಅಂದರೆ ಡೇಲಿಯಾ ಗಿಡಕ್ಕೆ ಕೋಲು ಕಟ್ಟುವಾಗ ಕೇಳುತ್ತದೆ. ಮಧ್ಯಾಹ್ನ ಪುಸ್ತಕ ಹಿಡಿದು ಕೂತರೆ ಎರಡನೇ ಪುಟಕ್ಕೆ ಮತ್ತೆ ಅದೇ. ಸುಮ್ನೆ ಹೆಂಗ್ ತಗೊಳ್ಳೋದ್ರಿ ಆಂಟಿ.

ನಾದಿನಿಗೆ ಫೋನಿನಲ್ಲಿ ಹೇಳಿದೆ. ‘ಸೊಕ್ಕು, ಇನ್ನೇನು’ ಎಂದಳು. ನನಗೆ ಹಾಗೆ ಅನ್ನಿಸುವುದಿಲ್ಲ. ಕೆಲಸಕ್ಕೆ ಹೋಗುವ ಹುಡುಗಿಯರೆಂದರೆ ನಾದಿನಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ನಾನು ಬ್ಯಾಂಕಿಗೆ ಸೇರಿದಾಗ ನನಗೂ ಇದೇ ಮಾತು ಅಂದವಳು. ಈ ಹುಡುಗಿ ಹಾವೇರಿ ಕಡೆಯವಳು. ಓದು ಮುಗಿಸಿ ಬೆಂಗಳೂರಿನ ಪಿಜಿಯಲ್ಲಿ ಇದ್ದವಳು. ಗಂಡನಿಗೆ ಶಿವಮೊಗ್ಗಕ್ಕೆ ವರ್ಗವಾಯಿತೆಂದು ಇಲ್ಲಿಗೆ ಬಂದಿದ್ದಾಳೆ, ಮನೆಯಿಂದಲೇ ಕೆಲಸ ಮಾಡುತ್ತಾಳೆ. ಪಿಜಿಯಲ್ಲಿ ರೂಮಿನವರೆಲ್ಲ ಸೇರಿ ಒಂದು ಪಿಜ್ಜಾ ತರಿಸಿದರೂ ತಿಂದು ಕೈ ತೊಳೆಯುವ ಮೊದಲೇ ಯಾರ ಪಾಲು ಎಷ್ಟು ಎಂದು ಹಂಚಿ ಮುಗಿಸುತ್ತಿದ್ದರಂತೆ. ಅದಕ್ಕೇ ಒಂದು ಆಪ್ ಇದೆಯಂತೆ. ಅವಳೇ ಒಮ್ಮೆ ಹೇಳಿದ್ದಳು. ಅಲ್ಲಿ ಅದು ಮರ್ಯಾದೆ. ಯಾರ ಹಂಗಿನಲ್ಲೂ ಇರಬಾರದು, ಯಾರಿಗೂ ಹೊರೆಯಾಗಬಾರದು. ಸ್ವಂತ ಸಂಬಳದ ಮೇಲೆ ನಿಂತ ಹುಡುಗಿಗೆ ಇದು ಸಣ್ಣ ವಿಷಯವಲ್ಲ. ಅದನ್ನು ಸೊಕ್ಕು ಅನ್ನುವುದು ಅನ್ಯಾಯ.

ಅಣ್ಣನ ಮಗ ಹೇಳುವುದು ಇನ್ನೊಂದು ಥರ. ‘ಒಳ್ಳೇದೇ ಆಯ್ತಲ್ಲ ಅತ್ತೆ! ಅರ್ಧಕ್ಕೆ 150 ಅಂದ್ರೆ ಪೂರ್ತಿಗೆ 300. ವಾರಕ್ಕೆ ಹತ್ತು ಮಾಡು, ನಾನು ಇನ್‌ಸ್ಟಾಗ್ರಾಂನಲ್ಲಿ ಹಾಕ್ತೀನಿ.’ ಒಳ್ಳೆಯ ಹುಡುಗ, ಕಷ್ಟಕ್ಕೆ ಆಗುತ್ತಾನೆ. ಆದರೆ ಅವನ ಕಣ್ಣಿಗೆ ಬಿದ್ದದ್ದಕ್ಕೆಲ್ಲ ಒಂದು ರೇಟು ಇರಲೇಬೇಕು. ನನ್ನ ಡೇರೆ ನೋಡಿ ನರ್ಸರಿ ಮಾಡು ಅಂದಿದ್ದ. ನಾನು ಓದುವುದನ್ನು ನೋಡಿ, ಯೂಟ್ಯೂಬಿನಲ್ಲಿ ಪುಸ್ತಕಗಳ ಬಗ್ಗೆ ಮಾತಾಡು, ದುಡ್ಡು ಬರುತ್ತೆ ಅಂದಿದ್ದ. ಮನೆಯಲ್ಲೇ ಕೇಕು, ಚಕ್ಕುಲಿ ಮಾಡಿ ಮಾರುವವರ ಮೇಲೆ ನನಗೆ ಗೌರವವಿದೆ. ಎಷ್ಟೋ ಮನೆಗಳಲ್ಲಿ ಒಲೆ ಉರಿಯುವುದು ಅದರಿಂದಲೇ. ಪಿಂಚಣಿ ಬರುವ ನನಗೆ ಆ ಅಗತ್ಯವಿಲ್ಲ, ಆಸೆಯೂ ಇಲ್ಲ.

ಹಾಗೆಂದು ದುಡ್ಡೆಂದರೆ ನನಗೆ ತಾತ್ಸಾರವಿಲ್ಲ. ನನ್ನ ಅರ್ಧ ಆಯುಸ್ಸು ಕಳೆದದ್ದು ಕ್ಯಾಷ್ ಕೌಂಟರಿನಲ್ಲಿ. ಸಂಜೆ ಕ್ಯಾಷ್ ಟ್ಯಾಲಿ ಆಗುವವರೆಗೆ ಏಳುವ ಹಾಗಿಲ್ಲ. ಹತ್ತು ರೂಪಾಯಿ ಕಮ್ಮಿಯಾದರೂ ಹುಡುಕಬೇಕು, ಹತ್ತು ಜಾಸ್ತಿಯಾದರೂ ಹುಡುಕಬೇಕು. ಟ್ಯಾಲಿ ಆದ ಕ್ಷಣ ಎಂಥ ನೆಮ್ಮದಿ! ಬೆಳಿಗ್ಗೆಯಿಂದ ಕೌಂಟರಿನ ಆಚೆ ನಿಂತವರಿಗೂ ನನಗೂ ಇನ್ನು ಕೊಡುವುದೂ ಇಲ್ಲ, ತಗೊಳ್ಳುವುದೂ ಇಲ್ಲ. ಬ್ಯಾಂಕ್ ನಡೆಯಬೇಕಾದದ್ದೇ ಹಾಗೆ. ಆದರೆ ಅಕ್ಕಪಕ್ಕದ ಮನೆಗಳ ನಡುವೆಯೂ ದಿನಾ ಸಂಜೆ ಟ್ಯಾಲಿ ಮಾಡಿಬಿಟ್ಟರೆ, ಬೆಳಗಾದರೆ ಒಬ್ಬರ ಬಾಗಿಲಿಗೆ ಇನ್ನೊಬ್ಬರು ಹೋಗಲು ಕಾರಣವೇ ಉಳಿಯುವುದಿಲ್ಲವಲ್ಲ.

2016ರ ನವೆಂಬರ್ ನೆನಪಾಗುತ್ತದೆ. 8ನೇ ತಾರೀಕು ರಾತ್ರಿ 500, 1000ದ ನೋಟು ರದ್ದು ಎಂದಾಯಿತು. 10ನೇ ತಾರೀಕು ಬ್ಯಾಂಕಿನ ಬಾಗಿಲು ತೆಗೆದರೆ ರಸ್ತೆಯವರೆಗೆ ಸಾಲು. ಕೌಂಟರಿನಲ್ಲಿ ಕೂತು ಊರಿಗೆಲ್ಲ ನೋಟು ಎಣಿಸಿ ಕೊಡುವ ನನ್ನ ಪರ್ಸಿನಲ್ಲೂ ಚಿಲ್ಲರೆ ಇರಲಿಲ್ಲ. ಆಗ ನಮ್ಮ ಬೀದಿಯ ಸೊಪ್ಪಿನವಳು ‘ತಗಂಡ್ ಹೋಗಿ ಅಕ್ಕ, ಎಲ್ಲಿಗೆ ಹೋಗ್ತೀರಿ, ಆಮೇಲೆ ಕೊಡಿ’ ಎಂದಳು. ತಿಂಗಳು ಪೂರ್ತಿ ಸೊಪ್ಪು, ಬದನೆಕಾಯಿ, ಬಸಳೆ ಹಾಗೇ ಕೊಟ್ಟಳು. ನೋಟು ಬಂದ ಮೇಲೆ ದುಡ್ಡೇನೋ ಕೊಟ್ಟೆ. ಆದರೆ ಆ ತಿಂಗಳಿನಿಂದ ಅವಳು ಬರೀ ಸೊಪ್ಪಿನವಳಾಗಿ ಉಳಿಯಲಿಲ್ಲ. ಅವಳ ಮಗಳ ಮದುವೆಗೆ ನಾವು ಹೋಗಿ ಬಂದೆವು.

ನಾನು ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಕೋಣಂದೂರಿನ ಹತ್ತಿರ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಗದ್ದೆ, ಹಳ್ಳ, ಸಂಕ. ನೆಟ್ಟಿ ಸಮಯದಲ್ಲಿ ಮುಯ್ಯಾಳು. ಅವರ ಗದ್ದೆಗೆ ನಮ್ಮವರು ಹೋದರೆ ನಮ್ಮ ಗದ್ದೆಗೆ ಅವರು ಬರುತ್ತಿದ್ದರು. ಕೂಲಿ ಇಲ್ಲ, ಊಟ ಇದೆ. ಹಲಸಿನ ಹಣ್ಣಿನ ಕಡುಬು ಮಾಡಿದ ದಿನ ಆಚೆ ಮನೆಗೆ ಒಂದು ಪಾತ್ರೆ ಹೋಗುತ್ತಿತ್ತು. ಆ ಪಾತ್ರೆ ಅಂದೇ ವಾಪಸ್ ಬರುತ್ತಿರಲಿಲ್ಲ. ಬಂದಾಗ ಖಾಲಿ ಬರುತ್ತಿರಲಿಲ್ಲ. ಒಂದು ಹಿಡಿ ಸೂಜಿಮೆಣಸು, ಉಪ್ಪಿನಲ್ಲಿಟ್ಟ ನಾಲ್ಕು ಅಪ್ಪೆಮಿಡಿ, ಏನೂ ಇಲ್ಲದಿದ್ದರೆ ಒಂದು ತುಂಡು ಬೆಲ್ಲ. ಯಾರೂ ಲೆಕ್ಕ ಇಡುತ್ತಿರಲಿಲ್ಲ ಎಂದರೆ ಸುಳ್ಳು. ಅಮ್ಮನಿಗೆ ಎಲ್ಲ ನೆನಪಿರುತ್ತಿತ್ತು. ಯಾರ ಮನೆಯಿಂದ ಏನು ಬಂತು, ಯಾರು ತಗೊಂಡು ಮರೆತರು, ಎಲ್ಲ. ಆ ಲೆಕ್ಕ ಮುಗಿಸುವ ಅವಸರ ಮಾತ್ರ ಯಾರಿಗೂ ಇರಲಿಲ್ಲ. ಯಾರಾದರೂ ಅವಸರ ಮಾಡಿದರೆ, ಇವರಿಗೆ ನಮ್ಮ ಸಹವಾಸ ಬೇಡವಾಯಿತೇನೋ ಎಂದು ಅಮ್ಮ ನೊಂದುಕೊಳ್ಳುತ್ತಿದ್ದಳು.

ಆದರೆ ಆ ಪಾತ್ರೆ ಎಲ್ಲ ಮನೆಗೂ ಹೋಗುತ್ತಿರಲಿಲ್ಲ. ಯಾರ ಪಾತ್ರೆ ಯಾರ ಅಡುಗೆಮನೆಯೊಳಗೆ ಹೋಗಬಹುದು ಎನ್ನುವುದಕ್ಕೆ ಜಾತಿಯ ಗೆರೆ ಇತ್ತು. ನಮ್ಮ ಗದ್ದೆಯಲ್ಲಿ ಬೆನ್ನು ಬಗ್ಗಿಸಿ ದುಡಿದವರಿಗೇ ಕಡುಬು ಅಂಗಳದಲ್ಲಿ, ಬಾಳೆಲೆಯ ಮೇಲೆ. ಅವರಲ್ಲಿ ಎಷ್ಟೋ ಜನರ ಮಕ್ಕಳಿಗೆ ಕೈಗೆ ಬಂದ ಸಂಬಳ ಒಂದು ಬಿಡುಗಡೆ. ಕೊಟ್ಟೆ, ತಗೊಂಡೆ, ತಲೆ ಎತ್ತಿ ನಡೆದೆ. ಹಾಗಾಗಿ ಹಳೆಯದೆಲ್ಲ ಚೆನ್ನಾಗಿತ್ತು, ದುಡ್ಡು ಬಂದು ಎಲ್ಲ ಕೆಡಿಸಿತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಈ ಹುಡುಗಿಯ ಜಾತಿ ಯಾವುದು ಎಂದು ನಾನು ಕೇಳಿಲ್ಲ, ಅವಳೂ ಕೇಳಿಲ್ಲ. ನನ್ನ ಡಬ್ಬಿ ಈಗ ಯಾವ ಮನೆಗೆ ಬೇಕಾದರೂ ಹೋಗುತ್ತದೆ. ಅಷ್ಟಾದ ಮೇಲೂ ಅದು ಅದೇ ಸಂಜೆ, ದುಡ್ಡಿನ ಜೊತೆ ವಾಪಸ್ ಬಂದರೆ ಸಂಕಟವಾಗುತ್ತದೆ.

ಡೇರೆಯ ವಿಷಯವನ್ನೇ ನೋಡಿ. ಶ್ರಾವಣ ಬಂತೆಂದರೆ ಮಲೆನಾಡಿನ ಹೆಂಗಸರ ಮಾತೆಲ್ಲ ಅದರದ್ದೇ. ಯಾರಲ್ಲಿ ಯಾವ ಬಣ್ಣ, ಯಾರದ್ದು ತಟ್ಟೆಯಗಲ, ಯಾರದ್ದು ಮಳೆಗೆ ಕೊಳೆಯಿತು. ನನ್ನಲ್ಲಿರುವ ಕಡುನೇರಳೆ ಚಿಕ್ಕಮ್ಮ ಕೊಟ್ಟದ್ದು. ಚಿಕ್ಕಮ್ಮನಿಗೆ ಬಂದದ್ದು ಸಾಗರದ ನೆಂಟರಿಂದ. ಹಳದಿಯದು ಬ್ಯಾಂಕಿಗೆ ಬರುತ್ತಿದ್ದ ಒಬ್ಬ ಹೆಂಗಸು ಪೇಪರಿನಲ್ಲಿ ಸುತ್ತಿ ತಂದು ಪಾಸ್‌ಬುಕ್ಕಿನ ಜೊತೆ ಕೌಂಟರಿನೊಳಗೆ ತಳ್ಳಿದ್ದು. ಗೆಡ್ಡೆ ಕೊಡುವುದರಲ್ಲಿ ಒಂದು ನಿಯತ್ತು ಬೇಕು. ಗೆಡ್ಡೆಯ ಕುತ್ತಿಗೆಯಲ್ಲಿ, ಹಳೆಯ ಕಾಂಡಕ್ಕೆ ಅಂಟಿದ ಕಡೆ ಕಣ್ಣು ಇರುತ್ತದೆ. ಚಿಗುರು ಬರುವುದು ಅಲ್ಲಿಂದ ಮಾತ್ರ. ಕಣ್ಣಿಲ್ಲದ ಗೆಡ್ಡೆ ಎಷ್ಟು ದಪ್ಪವಿದ್ದರೂ ಮಣ್ಣಿನಲ್ಲಿ ಕೊಳೆಯುತ್ತದೆ. ಇದು ಗೊತ್ತಿದ್ದೂ ಕಣ್ಣಿಲ್ಲದ್ದನ್ನು ಕೊಟ್ಟು ಕಳಿಸುವವರನ್ನು ನೋಡಿದ್ದೇನೆ. ಅಂಥವರ ಮನೆಯ ಹೂವನ್ನು ನನಗೆ ಮನಸಾರೆ ಹೊಗಳಲು ಆಗುವುದಿಲ್ಲ. ಗೆಡ್ಡೆಯ ಗೊಂಚಲನ್ನು ಬಿಡಿಸದೆ ವರ್ಷಗಟ್ಟಲೆ ಹಾಗೇ ಬಿಟ್ಟರೂ ಕಷ್ಟ. ಕಾಂಡಗಳು ಒತ್ತೊತ್ತಾಗಿ ಎದ್ದು ಹೂವು ಸಣ್ಣದಾಗುತ್ತದೆ. ಬಿಡಿಸಲೇಬೇಕು. ಬಿಡಿಸಿದರೆ ಒಂದು ಕುಂಡದ್ದು ಐದಾರು ಕುಂಡಕ್ಕಾಗುತ್ತದೆ. ನಮ್ಮ ಮನೆ ಮುಂದಿನ ಜಾಗ ಎಷ್ಟಿದೆ? ಕೊಡಲೇಬೇಕು.

ಡೇರೆಯ ಮೂಲ ಮೆಕ್ಸಿಕೋ ಎಂದು ನನಗೆ ಗೊತ್ತಾದದ್ದು ನಿವೃತ್ತಿಯಾದ ಮೇಲೆ ಓದಿದ ಒಂದು ಪುಸ್ತಕದಿಂದ. 1789ರಲ್ಲಿ ಮೆಕ್ಸಿಕೋ ನಗರದ ಸಸ್ಯೋದ್ಯಾನದವರು ಅದನ್ನು ಸ್ಪೇನಿನ ಮ್ಯಾಡ್ರಿಡ್ ಸಸ್ಯೋದ್ಯಾನಕ್ಕೆ ಕಳಿಸಿದರು. ಅಲ್ಲಿ ಅದಕ್ಕೆ ಸ್ವೀಡನ್ನಿನ ಆಂಡರ್ಸ್ ಡಾಲ್ ಎಂಬ ಸಸ್ಯವಿಜ್ಞಾನಿಯ ಹೆಸರಿಟ್ಟರು. ಒಂದು ತೋಟದವರು ಇನ್ನೊಂದು ತೋಟದವರಿಗೆ ಕಳಿಸಿದ ಹೂವು ಎಲ್ಲೆಲ್ಲೋ ಸುತ್ತಿ, ಎಷ್ಟೋ ಕೈ ದಾಟಿ, ಕೋಣಂದೂರಿನ ಅಂಗಳಕ್ಕೆ ಬಂದು, ನನ್ನ ಚಿಕ್ಕಮ್ಮನ ಜಡೆ ಸೇರಿತು! ಓದಿದ ದಿನ ಎಷ್ಟು ಖುಷಿಯಾಯಿತೆಂದರೆ ಪುಸ್ತಕ ಮುಚ್ಚಿ ಹೊರಗೆ ಹೋಗಿ ಗಿಡ ನೋಡಿ ಬಂದೆ.

ನಿವೃತ್ತಿಯ ಸುಖ ಅಂದರೆ ನನಗೆ ಇದೇ. ಓದುತ್ತಾ ಅರ್ಧಕ್ಕೆ ಎದ್ದು ಹೋಗಬಹುದು. ಅದೇ ಪುಟವನ್ನು ಮತ್ತೆ ಓದಬಹುದು. ಬ್ರೆಡ್ಡಿನ ಹಿಟ್ಟು ಏಪ್ರಿಲ್ಲಿನಲ್ಲಿ ಒಂದು ಗಂಟೆಯೊಳಗೆ ಉಬ್ಬಿ ನಿಲ್ಲುತ್ತದೆ. ಈ ಮಳೆಯ ಚಳಿಗೆ ಎರಡು ಮೂರು ಗಂಟೆ ಬೇಕು. ಒಲೆಯ ಪಕ್ಕ ಬಟ್ಟೆ ಮುಚ್ಚಿಟ್ಟು ಓದುತ್ತಾ ಕೂರುತ್ತೇನೆ. ಕಾಯುವುದು ನನಗೆ ಬೇಸರವೇ ಅಲ್ಲ. ಆ ಎರಡು ಮೂರು ಗಂಟೆಯಲ್ಲಿ ಕಾದಂಬರಿಯೊಳಗೆ ಒಂದು ಮದುವೆ ಮುಗಿದು, ಮನೆ ಪಾಲಾಗಿ, ಇಬ್ಬರು ಊರು ಬಿಟ್ಟಿರುತ್ತಾರೆ. ಬಾಳೆಹಣ್ಣಿನ ಕೇಕಿಗೆ ಕಾಯುವ ಹಾಗಿಲ್ಲ. ಮೊಸರಿನ ಹುಳಿ ತಾಗಿದ ಕೂಡಲೇ ಸೋಡಾ ಗುಳ್ಳೆ ಏಳಲು ಶುರು. ಕಲಸಿದ ತಕ್ಷಣ ಓವನ್ನಿಗೆ ಹೋಗಬೇಕು, 180 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ. ನಡುವೆ ಕರೆಂಟು ಹೋದರೆ ಮಧ್ಯ ಕುಸಿಯುತ್ತದೆ. ಆಷಾಢ, ಶ್ರಾವಣದಲ್ಲಿ ನಮ್ಮೂರ ಕರೆಂಟನ್ನು ನಂಬುವುದು ಹೇಗೆ? ಸಿಪ್ಪೆ ಕಪ್ಪಾದ ಪುಟ್ಟಬಾಳೆ, ಗೋಧಿಹಿಟ್ಟು, ಬೆಲ್ಲ, ಏಲಕ್ಕಿ. ಚೆನ್ನಾಗಿ ಬೆಂದರೆ ಇಡೀ ಮನೆ ಘಮ್ ಅನ್ನುತ್ತದೆ. ಆದರೆ ಈ ತೇವದ ಹವೆಯಲ್ಲಿ ಮೂರನೇ ದಿನಕ್ಕೆ ಬೂಸ್ಟು. ಇಬ್ಬರಿರುವ ಮನೆಯಲ್ಲಿ ಒಂದು ಇಡೀ ಕೇಕು ಖರ್ಚಾಗುವುದಿಲ್ಲ. ಕೊಟ್ಟು ತಿಂದರೇ ಅದು ಸರಿ.

ಡೇರೆಯ ವಿಷಯ ಓದಿದ ಆ ಪುಸ್ತಕ ಕೂಡ ಗ್ರಂಥಾಲಯದ್ದು. ಮನೆ ಕಂದಾಯ ಕಟ್ಟುವಾಗ ಅದರ ಜೊತೆ ಗ್ರಂಥಾಲಯ ಕರ ಅಂತ ಒಂದಿದೆ, ಗಮನಿಸಿದ್ದೀರಾ? 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಬಂದದ್ದು, ಕಂದಾಯದ ಮೇಲೆ ಶೇ 6. ಒಂದು ಪುಸ್ತಕವನ್ನೂ ಮುಟ್ಟದವರು ಅದನ್ನು ಕಟ್ಟಿದ್ದಾರೆ, ನಾನು ಓದಿದ್ದೇನೆ. ನಾನು ಕಟ್ಟಿದ್ದರಲ್ಲಿ ಯಾವುದೋ ಹುಡುಗ ಪರೀಕ್ಷೆಗೆ ಓದುತ್ತಿರಬಹುದು. ಯಾರದ್ದು ಯಾರಿಗೆ ಹೋಯಿತು ಎಂದು ಯಾರೂ ಟ್ಯಾಲಿ ಮಾಡಲಾರರು. ಮಾಡಬೇಕಾಗಿಯೂ ಇಲ್ಲ. ಕ್ಯಾಷಿಯರ್ ಆಗಿದ್ದವಳು ಈ ಮಾತು ಹೇಳುತ್ತಿದ್ದೇನೆ.

ನಮ್ಮವರದ್ದು ಒಂದೇ ಮಾತು. ‘ದುಡ್ಡು ವಾಪಸ್ ಹಾಕಿಬಿಡು, ಮುಗೀತಲ್ಲ.’ ಅವರಿಗೆ ಯಾವುದೂ ತಲೆಯಲ್ಲಿ ಉಳಿಯಬಾರದು. ನಾನು ಹಾಕಲಿಲ್ಲ. ಹಾಕಿದರೆ ನಾನೂ ಲೆಕ್ಕ ಮುಗಿಸಿದ ಹಾಗೆ. ಅವಳಿಗೆ ಮುಖಕ್ಕೆ ಹೊಡೆದ ಹಾಗೂ ಆಗುತ್ತದೆ.

ಗುರುವಾರ ಅವಳೇ ಕೆಳಗೆ ಬಂದಳು. ‘ಬೇಜಾರಾಯ್ತೇನ್ರಿ ಆಂಟಿ?’ ಎಂದು ಬಾಗಿಲಲ್ಲೇ ನಿಂತಳು. ಕೂರಿಸಿ ಕಾಫಿ ಕೊಟ್ಟು, ಅಮ್ಮನ ಪಾತ್ರೆಯ ವಿಷಯ ಹೇಳಿದೆ. ಬುದ್ಧಿ ಹೇಳುವ ದನಿ ಬಾರದಂತೆ ಎಚ್ಚರ ವಹಿಸಿದೆ, ಅವಳು ಅದಕ್ಕೆ ತಕ್ಕ ತಪ್ಪು ಏನೂ ಮಾಡಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ‘ಹಂಗಾದ್ರೆ ನಾ ಏನ್ ಕೊಡ್ಲಿ ಹೇಳ್ರಿ? ನನಗ ಅಡಿಗಿ ಅಷ್ಟಾಗಿ ಬರಂಗಿಲ್ಲ’ ಎಂದಳು.

‘ನಿಮ್ಮ ಅಮ್ಮ ಶೇಂಗಾ ಹೋಳಿಗೆ ಮಾಡ್ತಾರೆ ಅಂದಿದ್ದೆಯಲ್ಲ. ಅವರು ಬಂದಾಗ ಎರಡು ಕೊಡು.’

‘ಅವ್ವ ಬರೋದು ದಸರಾಕ್ಕ್ರಿ ಆಂಟಿ. ಇನ್ನೂ ಎಷ್ಟ್ ದಿನ ಐತಿ!’

‘ದಸರಾಕ್ಕೇ ಬರಲಿ ಬಿಡಮ್ಮ’ ಎಂದೆ. ‘ಅಷ್ಟರಲ್ಲಿ ನಿನ್ನ ಬಾಕಿ ಇನ್ನೂ ಜಾಸ್ತಿ ಆಗಿರುತ್ತೆ.’