ಒಂದು ಸ್ಥಾಯಿ ಕೆಳಗಿಳಿದ ದನಿ

ನಾನು ಕೆಲಸ ಮಾಡುವ ಟೈಲ್ಸ್ ಕಾರ್ಖಾನೆ ಉತ್ತರ ಇಟಲಿಯ ಫಿಯೊರಾನೊ ಮೊದೆನೆಸೆ ಎಂಬ ಊರಿನಲ್ಲಿದೆ. ಈ ಊರೂ ಪಕ್ಕದ ಸಸ್ಸುವೊಲೊವೂ ಟೈಲ್ಸ್‌ಗೆ ಹೆಸರಾದವು. ಹಗಲೆಲ್ಲ ರಸ್ತೆಯ ತುಂಬ ಜೇಡಿಮಣ್ಣಿನ ಲಾರಿಗಳೇ. ಆ ಲಾರಿಗಳ ಸಾಲಿನಲ್ಲಿ, ಮೈಗೆಲ್ಲ ಕಪ್ಪು ಬಿಳಿ ಗೆರೆಗಳ ಸ್ಟಿಕ್ಕರ್ ಮೆತ್ತಿಸಿಕೊಂಡು ತನ್ನ ನಿಜವಾದ ಆಕಾರವನ್ನು ಮರೆಸಿಕೊಂಡ ಕುಳ್ಳಗಿನ ಕಾರೊಂದು ಸಿಗ್ನಲ್‌ಗೆ ಕಾಯುತ್ತ ನಿಂತಿರುವುದು ಇಲ್ಲಿಯವರಿಗೆ ಹೊಸ ನೋಟವಲ್ಲ. ಫೆರಾರಿ ಕಾರ್ಖಾನೆಯಿರುವ ಮರಾನೆಲ್ಲೊ ಪಕ್ಕದಲ್ಲೇ ಇದೆ. ಆ ಕಂಪನಿಯ ಪರೀಕ್ಷಾ ಟ್ರ್ಯಾಕ್‌ಗೆ ನಮ್ಮ ಊರಿನದೇ ಹೆಸರು. ನನಗೆ ಪರಿಚಯವಿರುವವರಲ್ಲಿ ಫೆರಾರಿ ಕೊಂಡವರು ಒಬ್ಬರೂ ಇಲ್ಲ. ಆದರೆ ಫೆರಾರಿಯ ಬಗ್ಗೆ ಖಚಿತವಾದ ಅಭಿಪ್ರಾಯ ಇಲ್ಲದವರನ್ನು ನಾನು ಇಲ್ಲಿ ಇನ್ನೂ ಕಂಡಿಲ್ಲ.

2024ರ ಅಕ್ಟೋಬರ್ 17ರಂದು ಕಂಪನಿಯು ಎಫ್80 ಎಂಬ ಕಾರನ್ನು ಜಗತ್ತಿಗೆ ತೋರಿಸಿದಾಗ ಆ ಅಭಿಪ್ರಾಯಗಳೆಲ್ಲ ಒಮ್ಮೆಗೇ ಹೊರಬಿದ್ದವು. 1984ರ 288 ಜಿಟಿಒ, 1987ರ ಎಫ್40, 1995ರ ಎಫ್50, 2002ರ ಎಂಝೊ, 2013ರ ಲಾಫೆರಾರಿ ಎಂಬ ಸಾಲಿನಲ್ಲಿ ಇದು ಆರನೆಯದು. ಸರಿಸುಮಾರು ಹತ್ತು ವರ್ಷಕ್ಕೊಮ್ಮೆ ಕಂಪನಿ ತನಗೆ ಗೊತ್ತಿರುವುದನ್ನೆಲ್ಲ ಒಂದೇ ಕಾರಿಗೆ ಧಾರೆಯೆರೆಯುತ್ತದೆ ಎಂಬುದು ಇಲ್ಲಿಯವರ ನಂಬಿಕೆಯಾದ್ದರಿಂದ, ಯಾರೂ ಇದನ್ನು ಇನ್ನೊಂದು ಹೊಸ ಮಾಡೆಲ್ ಎಂದು ನೋಡಲಿಲ್ಲ. ತೆರಿಗೆ ಸೇರಿ ಬೆಲೆ ಸುಮಾರು 36 ಲಕ್ಷ ಯೂರೊ. ತಯಾರಾಗುವುದು 799 ಮಾತ್ರ. ಒಟ್ಟು ಶಕ್ತಿ 1,200 ಅಶ್ವಶಕ್ತಿ. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು 2.15 ಸೆಕೆಂಡ್, 200 ಮುಟ್ಟಲು 5.75 ಸೆಕೆಂಡ್, ಗರಿಷ್ಠ ವೇಗ 350. ಈ ಅಂಕಿಗಳ ಬಗ್ಗೆ ಯಾರೂ ಚಕಾರವೆತ್ತಲಿಲ್ಲ. ತಕರಾರು ಎದ್ದದ್ದು ಬೇರೆ ಒಂದು ಸಂಖ್ಯೆಗೆ: ಎಂಜಿನ್‌ನಲ್ಲಿರುವುದು ಆರೇ ಸಿಲಿಂಡರ್.

ಮರುದಿನ ಬೆಳಿಗ್ಗೆ ಕಾರ್ಖಾನೆಯ ಕಾಫಿ ಯಂತ್ರದ ಮುಂದೆ, ಭಟ್ಟಿ ವಿಭಾಗದ ಸಹೋದ್ಯೋಗಿಯೊಬ್ಬರು ಫೋನನ್ನು ಮಗುಚಿಟ್ಟು, "ಮೂವತ್ತಾರು ಲಕ್ಷಕ್ಕೆ ಆರು ಸಿಲಿಂಡರ್!" ಎಂದರು. ಅವರ ದನಿಯಲ್ಲಿದ್ದದ್ದು ಕೋಪಕ್ಕಿಂತ ಹೆಚ್ಚಾಗಿ ನೋವು. ಅದನ್ನು ಅರಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1947ರಲ್ಲಿ ಮರಾನೆಲ್ಲೊದ ಗೇಟಿನಿಂದ ಹೊರಬಂದ ಮೊದಲ ಕಾರಾದ 125 ಎಸ್‌ನ ಎಂಜಿನ್ ಬರೀ ಒಂದೂವರೆ ಲೀಟರ್‌ನದು. ಆದರೂ ಅದನ್ನು ರೂಪಿಸಿದ ಜೊವಾಕಿನೊ ಕೊಲಂಬೊ ಅದಕ್ಕೆ ಹನ್ನೆರಡು ಸಿಲಿಂಡರ್ ಇಟ್ಟಿದ್ದರು. ಎಫ್50, ಎಂಝೊ, ಲಾಫೆರಾರಿ ಮೂರೂ ವಿ12, ಅಂದರೆ ಹನ್ನೆರಡು ಸಿಲಿಂಡರ್‌ಗಳನ್ನು ಇಂಗ್ಲಿಷಿನ ವಿ ಅಕ್ಷರದಂತೆ ಎರಡು ಸಾಲಾಗಿ ಜೋಡಿಸಿದ ಎಂಜಿನ್‌ನವು. ಇನ್ನು ಆರು ಸಿಲಿಂಡರ್‌ನ ಕಥೆಯೇ ಬೇರೆ. ಕಂಪನಿ ಕಟ್ಟಿದ ಎಂಝೊ ಫೆರಾರಿಯವರ ಮಗ ಆಲ್ಫ್ರೆದೊ, ಮನೆಯವರ ಬಾಯಲ್ಲಿ ದೀನೊ, 1956ರಲ್ಲಿ ಇಪ್ಪತ್ನಾಲ್ಕರ ಹರೆಯದಲ್ಲೇ ತೀರಿಕೊಂಡ. ವಿ6 ಎಂಜಿನ್ ಅವನ ಆಸಕ್ತಿಯಾಗಿತ್ತು. ಮುಂದೆ ಆ ಎಂಜಿನ್‌ನ ರಸ್ತೆ ಕಾರುಗಳು ಬಂದಾಗ ಅವುಗಳಿಗೆ ದೀನೊ ಎಂದೇ ಹೆಸರಿಟ್ಟರು. ಫೆರಾರಿ ಎಂಬ ಹೆಸರು ಆಗ ಅವುಗಳಿಗೆ ಸಿಗಲಿಲ್ಲ. ಇಲ್ಲಿಯ ಹಿರಿಯರ ಮನಸ್ಸಿನಲ್ಲಿ ಆ ಮೇಲುಕೀಳು ಇನ್ನೂ ಅಳಿದಿಲ್ಲ. ವಿ6 ಎಂದರೆ ಪ್ರೀತಿಯದು, ಆದರೆ ಪಟ್ಟಕ್ಕೆ ಕೂರುವಂಥದ್ದಲ್ಲ.

ಈ ವಾದಕ್ಕೆ ಉತ್ತರ ಕೊಟ್ಟವಳು ನಮ್ಮ ಪ್ರಯೋಗಾಲಯದ ಎಳೆಯ ಎಂಜಿನಿಯರ್. ಎಲ್ಲರೂ ತಲೆಯ ಮೇಲೆ ಹೊತ್ತು ಮೆರೆಸುವ ಎಫ್40ರಲ್ಲಿ ವಿ12 ಎಲ್ಲಿತ್ತು ಎಂದು ಅವಳು ಕೇಳಿದಳು. ಅದು 2.9 ಲೀಟರ್‌ನ, ಎರಡು ಟರ್ಬೊಗಳ (ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಚಕ್ರಗಳ) ವಿ8. ಅದಕ್ಕೂ ಮೊದಲಿನ 288 ಜಿಟಿಒ ಕೂಡ ಟರ್ಬೊ ಇರುವ ವಿ8ರದೇ. ತಮ್ಮ ಕಾಲದ ರೇಸಿನ ತಂತ್ರಜ್ಞಾನವನ್ನು ರಸ್ತೆಗೆ ತರುವುದೇ ಈ ಸಾಲಿನ ಕಾರುಗಳ ಧರ್ಮವಾಗಿರುವಾಗ, ಇಂದಿನ ರೇಸಿನ ಎಂಜಿನ್ ಯಾವುದು ಎಂಬುದು ಅವಳ ಪ್ರಶ್ನೆ. ಫಾರ್ಮುಲಾ ಒನ್‌ನಲ್ಲಿ 2014ರಿಂದ ಟರ್ಬೊ ಹೈಬ್ರಿಡ್ ವಿ6ಗಳೇ, ಅಂದರೆ ಜೊತೆಗೆ ವಿದ್ಯುತ್ ಮೋಟರನ್ನೂ ಬಳಸುವಂಥವೇ ಓಡುತ್ತಿವೆ. ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ರೇಸಿನಲ್ಲಿ 58 ವರ್ಷಗಳ ನಂತರ, 2023ರಲ್ಲಿ, ಫೆರಾರಿಗೆ ಗೆಲುವು ತಂದುಕೊಟ್ಟ 499ಪಿ ಕಾರಿನಲ್ಲಿದ್ದದ್ದೂ ವಿ6; ಅದೇ ಕಾರು 2024ರಲ್ಲೂ 2025ರಲ್ಲೂ ಗೆದ್ದಿತು. ಎಫ್80ರ ಎಂಜಿನ್ ಅದರ ಒಡಹುಟ್ಟಿದ್ದು. ಚರಿತ್ರೆಯ ವಿಷಯದಲ್ಲಿ ನಾನು ಅವಳ ಪಕ್ಷ. ಈ ಸಾಲಿಗೆ ವಿ12 ಕಡ್ಡಾಯ ಎಂಬುದು ಮೂರು ಕಾರುಗಳನ್ನು ನೆನಪಿಟ್ಟು ಎರಡನ್ನು ಮರೆತವರ ಮಾತು.

ಯಂತ್ರವನ್ನು ಬಿಚ್ಚಿ ನೋಡಿದರೂ ಅವಳ ಮಾತಿಗೇ ಬಲ ಬರುತ್ತದೆ. ಮೂರು ಲೀಟರ್‌ಗೂ ಕೊಂಚ ಕಡಿಮೆಯ ಆ ಎಂಜಿನ್ ಒಂದೇ 900 ಅಶ್ವಶಕ್ತಿ ಕೊಡುತ್ತದೆ, ಅಂದರೆ ಲೀಟರ್‌ಗೆ 300. ಟರ್ಬೊ ಇರುವ ಎಂಜಿನ್‌ಗಳಲ್ಲಿ ಪೆಡಲ್ ಒತ್ತಿದ ಕ್ಷಣಕ್ಕೂ ಶಕ್ತಿ ಬರುವ ಕ್ಷಣಕ್ಕೂ ನಡುವೆ ಒಂದು ತಡ ಇರುವುದುಂಟು. ಇಲ್ಲಿ ಪ್ರತಿ ಟರ್ಬೊದ ಒಳಗೂ ಸಣ್ಣ ವಿದ್ಯುತ್ ಮೋಟರ್ ಇದ್ದು, ಹೊಗೆಯ ಒತ್ತಡ ಬರುವ ಮೊದಲೇ ಅದನ್ನು ತಿರುಗಿಸಿಟ್ಟಿರುತ್ತದೆ. ಉಳಿದ 300 ಅಶ್ವಶಕ್ತಿ ವಿದ್ಯುತ್ತಿನದು: ಮುಂದಿನ ಚಕ್ರಗಳಿಗೆ ಎರಡು ಮೋಟರ್, ಹಿಂದೆ ಎಂಜಿನ್‌ಗೆ ಒಂದು. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಎಂಜಿನ್ನನ್ನು ಕೂರಿಸಿರುವ ಬಗೆ. ಸಿಲಿಂಡರ್‌ಗಳ ಎರಡು ಸಾಲುಗಳ ನಡುವೆ 120 ಡಿಗ್ರಿ ಅಂತರವಿರುವುದರಿಂದ ಅದು ಬಸಿಯಂತೆ ಅಗಲವಾಗಿ ಹರಡಿಕೊಂಡು ಕೆಳಗೆ ಕೂರುತ್ತದೆ; ವಿ12ಕ್ಕಿಂತ ಗಿಡ್ಡವಾದ್ದರಿಂದ ಹಿಂದೆ ಜಾಗ ಉಳಿಯುತ್ತದೆ. ಆ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ 1.3 ಡಿಗ್ರಿಯಷ್ಟು ಮೇಲಕ್ಕೆ ಓರೆ ಮಾಡಿ, ಕಾರಿನ ಹೊಟ್ಟೆಯ ಅಡಿಯಿಂದ ಗಾಳಿ ಹೊರಹೋಗುವ ದಾರಿಯನ್ನು ಇನ್ನಷ್ಟು ಹಿರಿದಾಗಿಸಿದ್ದಾರೆ. ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ ಗಾಳಿ ಈ ಕಾರನ್ನು 1,050 ಕಿಲೋ ಭಾರದಷ್ಟು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಉದ್ದನೆಯ ವಿ12 ಅಲ್ಲಿ ಕೂತಿದ್ದರೆ ಗಾಳಿಗೆ ಇಷ್ಟು ದಾರಿ ಬಿಡುವುದು ಕಷ್ಟವಿತ್ತು.

ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಭಟ್ಟಿ ವಿಭಾಗದವರ ನೋವು ಸುಳ್ಳಾಗುವುದಿಲ್ಲ. ಏಕೆಂದರೆ ಅವರು ಕಳೆದುಕೊಂಡದ್ದು ಶಕ್ತಿಯನ್ನಲ್ಲ, ದನಿಯನ್ನು. ಇದನ್ನು ಲೆಕ್ಕ ಹಾಕಿಯೇ ತೋರಿಸಬಹುದು. ಎಂಜಿನ್ ಒಂದು ಸುತ್ತು ತಿರುಗುವಷ್ಟರಲ್ಲಿ ಹನ್ನೆರಡು ಸಿಲಿಂಡರ್‌ಗಳ ಪೈಕಿ ಆರರಲ್ಲಿ ಇಂಧನ ಸಿಡಿಯುತ್ತದೆ. ಆರೇ ಸಿಲಿಂಡರ್ ಇದ್ದರೆ ಮೂರರಲ್ಲಿ. ನಿಮಿಷಕ್ಕೆ 9,000 ಸುತ್ತು ಎಂದರೆ ಸೆಕೆಂಡಿಗೆ 150 ಸುತ್ತು. ಹಾಗಾಗಿ ವಿ12ರಲ್ಲಿ ಸೆಕೆಂಡಿಗೆ 900 ಸಿಡಿತ, ವಿ6ರಲ್ಲಿ 450. ಸಂಗೀತ ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು: ಕಂಪನ ಸರಿಯಾಗಿ ಅರ್ಧವಾದಾಗ ಸ್ವರ ಅದೇ ಇರುತ್ತದೆ, ಸ್ಥಾಯಿ ಒಂದು ಕೆಳಗಿಳಿಯುತ್ತದೆ. ತಾರಸ್ಥಾಯಿಯ ಷಡ್ಜಕ್ಕಾಗಿ ಉಸಿರು ಬಿಗಿಹಿಡಿದು ಕೂತವರಿಗೆ ಮಧ್ಯಸ್ಥಾಯಿಯ ಷಡ್ಜ ಸಿಕ್ಕಂತೆ. ಅದರ ಮೇಲೆ, ಹೊರಬರುವ ಹೊಗೆ ಟರ್ಬೊದ ಚಕ್ರವನ್ನು ತಿರುಗಿಸಿಯೇ ಬರಬೇಕಾದ್ದರಿಂದ ಸಿಡಿತದ ಮೊನಚೂ ಅಷ್ಟಿಷ್ಟು ಸವೆದುಹೋಗುತ್ತದೆ. ಸಿಡಿತಗಳ ನಡುವಿನ ಅಂತರ ಒಂದೇ ಸಮನಾಗಿರುವುದರಿಂದ ಈ 120 ಡಿಗ್ರಿಯ ವಿ6ಗಳ ನಾದ ಶುದ್ಧವಾಗಿಯೇ ಇರುತ್ತದೆ. ಫೆರಾರಿಯದೇ 296 ಜಿಟಿಬಿ ಕಾರಿನ ಇದೇ ಬಗೆಯ ಎಂಜಿನ್ನನ್ನು ಅದನ್ನು ಕಟ್ಟಿದ ಎಂಜಿನಿಯರುಗಳೇ ಪುಟ್ಟ ವಿ12 ಎಂದು ಕರೆದರು. ಆದರೂ ಎತ್ತರ ಎತ್ತರವೇ.

ನಾನು ಬಾಡಿಗೆಗಿರುವ ಕಟ್ಟಡದ ಕೆಳಮನೆಯಲ್ಲಿ ನಿವೃತ್ತ ಲೇತ್ ಕೆಲಸಗಾರರೊಬ್ಬರಿದ್ದಾರೆ. ನಲವತ್ತು ವರ್ಷ ಲೋಹ ಕಡೆದ ಕೈ. ಬಲಗೈಯ ಹೆಬ್ಬೆರಳಿನ ತುದಿಯಲ್ಲಿ ಲೋಹದ ಸಣ್ಣ ಚೂರೊಂದು ಚರ್ಮದೊಳಗೇ ಉಳಿದು ನೀಲಿ ಚುಕ್ಕೆಯಾಗಿದೆ. ಅವರ ಮುಂದೆ ನಾನು ಈ ಲೆಕ್ಕವನ್ನೆಲ್ಲ ಹೇಳಿ, ನಿಮಗೂ ಎಫ್80 ಇಷ್ಟವಿಲ್ಲವೇ ಎಂದು ಕೇಳಿದೆ. ಅವರು ತಕ್ಷಣ ಏನೂ ಹೇಳಲಿಲ್ಲ. ಆಮೇಲೆ ಹೇಳಿದ್ದು ಇಷ್ಟು: "ಆ ಕಾರಿನ ಸೀಟು ಕೊಂಡವನದು, ಬಣ್ಣ ಕೊಂಡವನದು, ವೇಗವೂ ಅವನದೇ. ಸದ್ದು ಮಾತ್ರ ನಮ್ಮ ಪಾಲಿಗೆ ಬರುತ್ತಿತ್ತು."

ಈ ಮಾತು ಕೇಳಿದ ಮೇಲೆ ಇಡೀ ಜಗಳ ನನಗೆ ಬೇರೆಯೇ ಆಗಿ ಕಂಡಿತು. ಕೊಳ್ಳಲಾಗದವರಿಗೆ ಇಷ್ಟು ದುಬಾರಿ ಕಾರಿನ ಚಿಂತೆ ಏಕೆ ಎಂದು ಕೇಳುವವರಿದ್ದಾರೆ. ಆದರೆ ಇಂಥ ಕಾರಿನಿಂದ ಗೋಡೆ ದಾಟಿ, ಬೀದಿ ದಾಟಿ, ಬಟ್ಟೆ ಒಣಹಾಕುತ್ತಿರುವವರ ಬಾಲ್ಕನಿಯವರೆಗೆ ಬರುವ ಒಂದೇ ಒಂದು ಅಂಶವೆಂದರೆ ದನಿ. ಫಿಯೊರಾನೊ ಟ್ರ್ಯಾಕಿನಲ್ಲಿ ಯಾವ ಎಂಜಿನ್ ಓಡುತ್ತಿದೆ ಎಂದು ಅಡುಗೆಮನೆಯಲ್ಲಿ ನಿಂತು ಹೇಳಬಲ್ಲವರು ಈ ಕಡೆ ಇದ್ದಾರೆ. ಫೆರಾರಿ ಫಾರ್ಮುಲಾ ಒನ್ ರೇಸ್ ಗೆದ್ದಾಗ ಮರಾನೆಲ್ಲೊದ ಚರ್ಚಿನಲ್ಲಿ ಗಂಟೆ ಬಾರಿಸುವ ವಾಡಿಕೆಯಿದೆ. ಗೆಲುವು ಕೂಡ ಇಲ್ಲಿ ಕಿವಿಯ ಮೂಲಕವೇ ಊರಿನದಾಗುತ್ತದೆ. ಕೊಂಡವರಿಗೆ ಶಕ್ತಿ ಹೆಚ್ಚಿತು, ಹಿಡಿತ ಹೆಚ್ಚಿತು. ಕೇಳುವವರ ಪಾಲು ಮಾತ್ರ ತಗ್ಗಿತು. ಹೀಗಾಗಿ ಅವರ ಅಸಮಾಧಾನವನ್ನು ತಿಳಿಯದವರ ಹಟವೆಂದು ತಳ್ಳಿಹಾಕುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ವಿ12ರ ದನಿ ಬೇಕೆನ್ನುವವರಿಗೆ ಅದೇ ವರ್ಷ ಬಂದ 12 ಚಿಲಿಂದ್ರಿ ಎಂಬ ಇನ್ನೊಂದು ಫೆರಾರಿ ಇದೆ. ಆರೂವರೆ ಲೀಟರ್‌ನ, ಟರ್ಬೊ ಇಲ್ಲದ, 9,500 ಸುತ್ತಿನವರೆಗೆ ಏರುವ ಎಂಜಿನ್, ಬೆಲೆಯೂ ಸುಮಾರು 4 ಲಕ್ಷ ಯೂರೊ. ಆದರೆ ಮನೆಯ ಹಿರಿಯ ಮಗನ ದನಿ ಕೇಳಬೇಕೆಂದವರಿಗೆ ಕಿರಿಯನನ್ನು ಕರೆದು ಹಾಡಿಸಿದರೆ ಸಮಾಧಾನವಾಗದು.

ರೂಪದ ಬಗ್ಗೆ ಇಲ್ಲಿ ಇಷ್ಟು ತೀವ್ರವಾದ ಚರ್ಚೆ ನಡೆಯಲಿಲ್ಲ. ಫೆರಾರಿಯ ವಿನ್ಯಾಸಕಾರ ಫ್ಲಾವಿಯೊ ಮಂಝೋನಿಯವರ ತಂಡ ಮೂತಿಯ ಅಡ್ಡಕ್ಕೆ ಕಣ್ಣಿಗೆ ಕಟ್ಟಿದ ಪಟ್ಟಿಯಂಥ ಕಪ್ಪು ಭಾಗವಿಟ್ಟು, ದೀಪಗಳನ್ನು ಅದರೊಳಗೇ ಹುದುಗಿಸಿದೆ. ಕಂಪನಿಯ 1968ರ ಕಾರು ಡೇಟೋನಾವನ್ನು ಬಲ್ಲವರು ಅದನ್ನು ಗುರುತಿಸಿ ಸಂತೋಷಪಟ್ಟರು. ಬಾಹ್ಯಾಕಾಶ ನೌಕೆಯಂತಿದೆ ಎಂದು ಮುಖ ತಿರುಗಿಸಿದವರೂ ಇದ್ದರು. ನನಗೆ ಒಗ್ಗದೆ ಹೋದದ್ದು ಒಳಭಾಗ. ಚಾಲಕನ ಸೀಟು ಕೆಂಪು. ಪಕ್ಕದ ಸೀಟು ಕಪ್ಪು, ಅದೂ ತುಸು ಹಿಂದಕ್ಕೆ ಸರಿಸಿದ್ದು, ಕಣ್ಣಿಗೆ ಬೀಳದಂತೆ. ಒಳಗಿನ ಜಾಗ ಕಿರಿದಾಗಿಸಿದರೆ ಗಾಳಿಯ ಪ್ರತಿರೋಧ ತಗ್ಗುತ್ತದೆ ಎಂಬ ಕಾರಣ ಸರಿಯಾದದ್ದೇ. ಆದರೆ ಜೊತೆಗೆ ಬಂದವರನ್ನು ನೆರಳಿಗೆ ಕೂರಿಸುವ ಕಾರಿನಲ್ಲಿ ಏನೋ ಕೊರತೆಯಿದೆ. ಮರಾನೆಲ್ಲೊದ ಮ್ಯೂಸಿಯಂನಲ್ಲಿ ಎಫ್40ರ ಬಾಗಿಲಿನೊಳಗೆ ಇಣುಕಿ ನೋಡಿದ್ದು ನೆನಪಿದೆ: ಹಿಡಿಕೆಯ ಬದಲು ಎಳೆದು ತೆರೆಯುವ ಒಂದು ದಾರ, ನೆಲಕ್ಕೆ ಕಾರ್ಪೆಟ್ಟೂ ಇಲ್ಲ. ಆ ಬಡತನವನ್ನು ಇಬ್ಬರೂ ಸಮನಾಗಿ ಹಂಚಿಕೊಂಡಿದ್ದರು.

ನನ್ನ ನಿಜವಾದ ದೂರು ಬೇರೆ. 799 ಕಾರುಗಳೂ ತಯಾರಾಗುವ ಮೊದಲೇ ಕಂಪನಿ ಆರಿಸಿದ ಗಿರಾಕಿಗಳ ಪಾಲಾಗಿವೆ. ಅವುಗಳಲ್ಲಿ ಹಲವು ಗ್ಯಾರೇಜಿನ ಹೊದಿಕೆಯಡಿಯೇ ದಿನ ಕಳೆಯುತ್ತವೆ ಎಂದು ಊಹಿಸುವುದು ಕಷ್ಟವಲ್ಲ. ಬೆಲೆ ಏರುವುದಕ್ಕಾಗಿ ಕಾಯುವ ಕಾರು ಯಾವ ಸ್ಥಾಯಿಯಲ್ಲೂ ಹಾಡುವುದಿಲ್ಲ.

ಮರಾನೆಲ್ಲೊದಿಂದ ಸೆರ್ರಮಝೋನಿಯ ಕಡೆಗೆ ಬೆಟ್ಟ ಹತ್ತುವ ರಸ್ತೆಯಲ್ಲಿ ಪರೀಕ್ಷೆಯ ಕಾರುಗಳು ಆಗಾಗ ಓಡಾಡುತ್ತವೆ. ಕಳೆದ ವಸಂತದ ಒಂದು ಬೆಳಿಗ್ಗೆ ಕೆಳಮನೆಯವರೊಂದಿಗೆ ನಾನೂ ಅಲ್ಲಿಯ ಒಂದು ತಿರುವಿನಲ್ಲಿ ನಿಂತಿದ್ದೆ. ಎಫ್80 ಕಾಣುವುದಕ್ಕೆ ಮುಂಚೆ ಕೇಳಿಸಿತು: ಮೊದಲು ಗಂಟಲಿನ ಬುಡದಿಂದ ಬಂದಂಥ ತಗ್ಗಿದ ಗುಂಯ್ಗುಡಿತ, ಅದರ ಮೇಲೆ ಟರ್ಬೊದ ಸಣ್ಣ ಸಿಳ್ಳು, ತಿರುವು ದಾಟಿ ವೇಗ ಹೆಚ್ಚಿಸಿದಾಗ ಒಮ್ಮೆಲೇ ಒಗ್ಗೂಡಿ ಮೇಲೇರಿದ ನಾದ. ಗೇರ್ ಬದಲಾದಾಗಲೆಲ್ಲ ಅದು ಕಡಿದು ಮತ್ತೆ ಹತ್ತುತ್ತಿತ್ತು. ಅವರು ಕಣ್ಣು ಮುಚ್ಚಿಕೊಂಡೇ ಇದ್ದರು. ಕಾರು ಬೆಟ್ಟದ ಮರೆಗೆ ಹೋಗಿ, ದನಿ ಪೂರ್ತಿ ಅಡಗಿ, ಹಕ್ಕಿಗಳು ಮತ್ತೆ ಕೂಗತೊಡಗುವವರೆಗೂ ಮಾತಾಡಲಿಲ್ಲ. ಹೇಗಿತ್ತು ಎಂದು ಕೇಳಿದೆ. ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ತೋರಿಸಿ, "ಇಲ್ಲಿಯವರೆಗೆ ಬಂತು" ಎಂದರು. ಆಮೇಲೆ ಅದೇ ಕೈಯನ್ನು ತಲೆಯ ಮೇಲಕ್ಕೆ ಒಯ್ದು, "ಇಲ್ಲಿಗೆ ಬರಲಿಲ್ಲ" ಎಂದರು. ನಾನು ಹೊರಡಲು ತಿರುಗಿದಾಗ ತೋಳು ಹಿಡಿದು ನಿಲ್ಲಿಸಿದರು.

"ಸ್ವಲ್ಪ ಹೊತ್ತು ನಿಲ್ಲು. ಅದು ಇದೇ ದಾರಿಯಲ್ಲಿ ಇಳಿದು ಬರಬೇಕು."