ತಲೆ ಎಣಿಸುವ ಕೆಲಸ

ಬೆಂಗಳೂರಿನವರಿಗೆ ಸ್ಕಾಟ್ಲೆಂಡಿನ ಬೆಟ್ಟಗಳ ಎತ್ತರ ಹೇಳಿದರೆ ಮೊದಲು ನಗು ಬರುತ್ತದೆ. ಅಲ್ಲಿ 3000 ಅಡಿ, ಅಂದರೆ 914 ಮೀಟರ್ ದಾಟಿದ ಬೆಟ್ಟಕ್ಕೆ ಮನ್ರೊ ಅಂತ ಹೆಸರು. 1891ರಲ್ಲಿ ಸರ್ ಹ್ಯೂ ಮನ್ರೊ ಅನ್ನುವವರು ಅವುಗಳ ಪಟ್ಟಿ ಮಾಡಿದ್ದರು. ಈಗ ಪಟ್ಟಿಯಲ್ಲಿ 282 ಇವೆ. ಬಸವನಗುಡಿಯಲ್ಲಿ ಸೊಪ್ಪು ತರಲು ಹೋದವರೂ ಹೆಚ್ಚುಕಮ್ಮಿ ಅಷ್ಟೇ ಎತ್ತರದಲ್ಲಿ ನಿಂತು ಚೌಕಾಸಿ ಮಾಡುತ್ತಿರುತ್ತಾರೆ. ನಮ್ಮ ನಂದಿ ಬೆಟ್ಟ 1478 ಮೀಟರ್. ಇಡೀ ಬ್ರಿಟನ್ನಿಗೇ ಎತ್ತರವಾದ ಬೆನ್ ನೆವಿಸ್ ಬರೀ 1345. ಗ್ಲಾಸ್ಗೋಗೆ ಬಂದ ಹೊಸತರಲ್ಲಿ ಈ ಲೆಕ್ಕವನ್ನು ಸಿಕ್ಕಸಿಕ್ಕವರಿಗೆಲ್ಲ ಒಪ್ಪಿಸುತ್ತಿದ್ದೆ.

ವಾಕಿಂಗ್ ಕ್ಲಬ್ಬಿನ ಲೀಡರಿಗೂ ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ನಿಮ್ಮ ಬೆಟ್ಟದ ಮೇಲಕ್ಕೆ ರಸ್ತೆ ಇದೆಯಾ?" ಅಂದರು. ಇದೆ ಅಂದೆ. "ಮೇಲೆ ಕಾಫಿ ಸಿಗುತ್ತಾ?" ಸಿಗುತ್ತದೆ ಅಂದೆ. ಅವರು ತಲೆಯಾಡಿಸಿ ಸುಮ್ಮನಾದರು.

ಅರವತ್ತು ದಾಟಿದ ಹೆಂಗಸು. ಅಂಚೆ ಕೆಲಸದಿಂದ ನಿವೃತ್ತಿಯಾಗಿ ಕೆಲವು ವರ್ಷ ಆಗಿತ್ತು. ತಿಂಗಳಿಗೆ ಎರಡು ಶನಿವಾರ ಗುಂಪು ಕಟ್ಟಿಕೊಂಡು ಬೆಟ್ಟ ಹತ್ತಿಸುತ್ತಾರೆ. ಒಂದು ಪೆನ್ನಿಯೂ ತೆಗೆದುಕೊಳ್ಳುವುದಿಲ್ಲ. ಕಾರಿನ ಪೆಟ್ರೋಲ್ ಖರ್ಚನ್ನು ಕೂತವರೆಲ್ಲ ಹಂಚಿಕೊಳ್ಳುತ್ತಾರೆ, ಅಷ್ಟೇ. ಇದರಿಂದ ನಿಮಗೇನು ಸಿಗುತ್ತದೆ ಅಂತ ದಾರಿಯಲ್ಲಿ ಕೇಳಿಯೇಬಿಟ್ಟೆ. ನಮ್ಮ ಕಡೆ ಇದನ್ನು ಕೇಳದೆ ಇರುವುದು ಕಷ್ಟ ಅಲ್ವಾ? "ಶನಿವಾರ ನನ್ನ ಗಂಡ ಇಡೀ ದಿನ ಟಿವಿಯಲ್ಲಿ ಫುಟ್‌ಬಾಲ್ ನೋಡುತ್ತಾನೆ" ಅಂದರು.

ಅಂದು ನಾವು ಹೊರಟಿದ್ದು ಪರ್ತ್‌ಶೈರಿನ ಶಿಹಾಲಿಯನ್‌ಗೆ. 1083 ಮೀಟರ್. ಅಕ್ಟೋಬರ್ ತಿಂಗಳು, ಸಂಜೆ ಆರರ ಸುಮಾರಿಗೆ ಕತ್ತಲು. ಲೀಡರೂ ಸೇರಿ ಹತ್ತು ಜನ. ಬ್ರೇಸ್ ಆಫ್ ಫಾಸ್ ಅನ್ನುವ ಜಾಗದಲ್ಲಿ ಕಾರು ನಿಲ್ಲಿಸಿದೆವು. ಇಳಿದ ತಕ್ಷಣ ತಪಾಸಣೆ ಶುರು. ಮಳೆಯ ಪ್ಯಾಂಟು, ಟೋಪಿ, ಕೈಗವಸು, ಹಣೆಗೆ ಕಟ್ಟುವ ಟಾರ್ಚು. ನಾನು ಜೀನ್ಸ್ ಹಾಕಿದ್ದೆ. ಬೇಡ ಅಂತ ವಾರದ ಮುಂಚೆಯೇ ಇಮೇಲ್ ಬಂದಿತ್ತು, ನಾನು ಅರ್ಧ ಓದಿದ್ದೆ. ಜೀನ್ಸ್ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಗಾಳಿಗೆ ಮೈಯ ಕಾವನ್ನೆಲ್ಲ ಹೀರಿಬಿಡುತ್ತದೆ. ಅವರು ಬೈಯಲಿಲ್ಲ. ತಮ್ಮ ಚೀಲದಿಂದ ಒಂದು ಹಳೇ ಟ್ರ್ಯಾಕ್ ಪ್ಯಾಂಟು ತೆಗೆದು ಕೊಟ್ಟರು. ನನ್ನಂಥವರಿಗೆ ಅಂತಲೇ ಸದಾ ಇಟ್ಟುಕೊಂಡಿರುತ್ತಾರಂತೆ. ಅವರ ಚೀಲ ಎತ್ತಿ ನೋಡಿದೆ. ನನ್ನದರ ಎರಡರಷ್ಟು ಭಾರ.

ಹೊರಡುವ ಮುಂಚೆ ತಲೆ ಎಣಿಸಿದರು. ರಾತ್ರಿ ಬಸ್ಸು ಊಟದ ಹೋಟೆಲಿನಿಂದ ಹೊರಡುವಾಗ ಕಂಡಕ್ಟರ್ ಎಣಿಸುತ್ತಾನಲ್ಲ, ಹಾಗೇ. ಆದರೆ ಎಣಿಕೆ ತಮ್ಮಿಂದಲೇ ಶುರು. ಮೊದಲು ತಮ್ಮ ಎದೆ ಮುಟ್ಟಿಕೊಂಡು "ಒಂದು". ನನಗೆ ಹೊಳೆ ದಾಟಿದ ದಡ್ಡರ ಕಥೆ ನೆನಪಾಯಿತು. ಹತ್ತು ಜನ ದಾಟುತ್ತಾರೆ, ಎಣಿಸುವವನು ತನ್ನನ್ನು ಬಿಟ್ಟು ಎಣಿಸುತ್ತಾನೆ, ಒಬ್ಬ ಹೊಳೆಪಾಲಾದ ಅಂತ ಎಲ್ಲ ಕೂತು ಅಳುತ್ತಾರೆ. ಈಯಮ್ಮ ಆ ಕಥೆ ಕೇಳಿರಬೇಕು ಅಂದುಕೊಂಡೆ.

ಗೇಟು ದಾಟುವಾಗ ಎಣಿಸಿದರು. ತೊರೆ ದಾಟುವಾಗ ಎಣಿಸಿದರು. ನೀರು ಕುಡಿಯಲು ನಿಂತಾಗ, ಮತ್ತೆ ಹೊರಟಾಗ. ಇದೇನು ಸ್ಕೂಲ್ ಪಿಕ್‌ನಿಕ್ಕಾ ಅಂತ ನನಗೆ ಒಳಗೊಳಗೇ ಕಿರಿಕಿರಿ. ಮಧ್ಯೆ ಬೆಟ್ಟ ನಡೆಯಲು ಎಷ್ಟು ಹೊತ್ತು ಬೇಕು ಅನ್ನುವ ನೇಯ್‌ಸ್ಮಿತ್ ಲೆಕ್ಕ ಹೇಳಿಕೊಟ್ಟರು. 1892ರಲ್ಲಿ ಆ ಹೆಸರಿನ ಸ್ಕಾಟ್ಲೆಂಡಿನವರೊಬ್ಬರು ಮಾಡಿದ್ದು. ಈಗಿನ ಅಳತೆಯಲ್ಲಿ ಹೇಳಿದರೆ 5 ಕಿಲೋಮೀಟರಿಗೆ ಒಂದು ಗಂಟೆ, ಹತ್ತುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಹೋಗಿ ಬರಲು ಸುಮಾರು 10 ಕಿಲೋಮೀಟರ್, ಏರು 700 ಚಿಲ್ಲರೆ. ಮೂರು ಗಂಟೆ ಚಿಲ್ಲರೆ ಸಾಕಲ್ಲ ಅಂದೆ. "ನೇಯ್‌ಸ್ಮಿತ್ ಟೀ ಕುಡಿಯಲು ಕೂರುತ್ತಿರಲಿಲ್ಲ" ಅಂದರು. ಅವರು ಆರು ಗಂಟೆ ಇಟ್ಟುಕೊಂಡಿದ್ದರು.

ಅರ್ಧ ದಾರಿಯವರೆಗೆ ಚೆನ್ನಾಗಿ ಕಟ್ಟಿದ ಕಾಲುದಾರಿ. ಮೇಲೆ ಹೋದಂತೆ ದಾರಿಯೇ ಇಲ್ಲ. ಬೆಟ್ಟದ ಬೆನ್ನಿನ ಮೇಲೆ ಪೂರ್ತಿ ಬಿಳಿಚಿದ ಕಲ್ಲುಗುಂಡುಗಳು, ಯಾರೋ ಲಾರಿಗಟ್ಟಲೆ ತಂದು ಸುರಿದ ಹಾಗೆ. ಇದೇ ತುದಿ ಅಂದುಕೊಂಡರೆ ಅದರ ಹಿಂದೆ ಇನ್ನೊಂದು. ಕೊನೆಯಲ್ಲಿ ನಡೆಯುವ ಕೆಲಸ ನಾನೇ ಕೇಳಿ ತೆಗೆದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಏದುಸಿರು ಯಾರಿಗೂ ಕೇಳಿಸಬಾರದು ಅಂತ.

ಮಂಜು ಬಂದಿದ್ದು ಆಗ. ಬೂಟಿನ ಲೇಸ್ ಬಿಚ್ಚಿತ್ತು, ಬಗ್ಗಿ ಕಟ್ಟಿದೆ. ತಲೆ ಎತ್ತಿದರೆ ಯಾರೂ ಇಲ್ಲ. ಎಲ್ಲ ಬಿಳಿ. ಕಲ್ಲಿನ ಮೇಲೆ ಹೆಜ್ಜೆ ಗುರುತು ಮೂಡುವುದಿಲ್ಲ. ಮಾತು ಕೇಳಿಸಿದ ಹಾಗಾಗಿ ಬಲಕ್ಕೆ ಹೋದೆ. ಗಾಳಿಯ ಸದ್ದು ಅದು. ವಾಪಸ್ ಬರೋಣ ಅಂದರೆ ಎಲ್ಲಿಂದ ಹೊರಟಿದ್ದೆ ಅನ್ನುವುದೇ ಗೊತ್ತಾಗಲಿಲ್ಲ. ಎಲ್ಲ ಕಲ್ಲೂ ಒಂದೇ ಥರ.

ಚೀಲದ ಪಟ್ಟಿಯಲ್ಲಿ ಸೀಟಿ ಇತ್ತು. ಆಪತ್ತಿನಲ್ಲಿ ನಿಮಿಷಕ್ಕೆ ಆರು ಸಲ ಊದಬೇಕು, ಕೇಳಿಸಿಕೊಂಡವರು ಮೂರು ಸಲ ಊದಿ ಉತ್ತರ ಕೊಡುತ್ತಾರೆ ಅಂತ ಬೆಳಿಗ್ಗೆಯೇ ಹೇಳಿದ್ದರು. ಊದಲು ನಾಚಿಕೆಯಾಯಿತು ನೋಡಿ! ಪ್ರಾಣ ಹೋಗುವ ಜಾಗದಲ್ಲೂ ಮರ್ಯಾದೆಯ ಚಿಂತೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಎರಡು ನಿಮಿಷವೂ ಇರಲಿಕ್ಕಿಲ್ಲ.

ಸೀಟಿ ಅವರದೇ ಕೇಳಿಸಿತು. ನಾನು ಮುಂದೆ ಅಂದುಕೊಂಡಿದ್ದೆ, ಸದ್ದು ಬಂದಿದ್ದು ಎಡಗಡೆ ಹಿಂದಿನಿಂದ. ನಾನೂ ಊದಿದೆ. "ಅಲ್ಲೇ ನಿಲ್ಲು!" ಅಂದರು. ನಿಂತೆ. ಮಂಜಿನಿಂದ ಒಬ್ಬೊಬ್ಬರೇ ಸಾಲಾಗಿ ಹೊರಬಂದರು. ಅವರೊಬ್ಬರೇ ಬರಲಿಲ್ಲ, ಗುಂಪು ಒಡೆಯಬಾರದು ಅಂತ ಎಂಟು ಜನರನ್ನೂ ಕರೆತಂದಿದ್ದರು. ಆ ಕಲ್ಲಿನಲ್ಲಿ ಅಷ್ಟು ಕಷ್ಟಪಟ್ಟು ಹತ್ತಿದವರು ನನಗೋಸ್ಕರ ವಾಪಸ್ ಇಳಿದು ಬಂದಿದ್ದರು. ಒಬ್ಬರೂ ಮುಖ ಗಂಟು ಹಾಕಿರಲಿಲ್ಲ. ಅದೇ ಜಾಸ್ತಿ ಚುಚ್ಚಿತು.

"ತಪ್ಪು ನನ್ನದು" ಅಂದರು ಲೀಡರ್. "ಕೊನೆಯವನು ನಿಂತರೆ ಮುಂದಿನವನನ್ನು ಕೂಗಿ ನಿಲ್ಲಿಸಬೇಕು. ಅದನ್ನು ನಿನಗೆ ಸರಿಯಾಗಿ ಹೇಳಬೇಕಿತ್ತು."

ಅವರು ಹೇಳಿದ್ದರು. ಕಾರು ನಿಲ್ಲಿಸಿದ ಜಾಗದಲ್ಲೇ ಹೇಳಿದ್ದರು. ನಾನಾಗ ಬೆಟ್ಟದ ಫೋಟೋ ತೆಗೆಯುತ್ತಿದ್ದೆ. ಇದನ್ನು ಅಲ್ಲಿ ಬಾಯಿಬಿಟ್ಟು ಹೇಳಲು ಧೈರ್ಯ ಬರಲಿಲ್ಲ.

ಚೀಲದಿಂದ ಕಿತ್ತಳೆ ಬಣ್ಣದ ಒಂದು ದೊಡ್ಡ ಗವಸು ತೆಗೆದರು. ಕಂಬವಿಲ್ಲದ ಡೇರೆ ಅನ್ನಿ. ತಲೆಯ ಮೇಲಿಂದ ಎಳೆದುಕೊಂಡು ಅಂಚಿನ ಮೇಲೆ ಎಲ್ಲ ಸುತ್ತ ಕೂತರೆ ಅದೇ ಮನೆ. ಐದು ನಿಮಿಷಕ್ಕೆ ಒಳಗೆ ಬೆಚ್ಚಗಾಯಿತು. ನಾನು ಪುಳಿಯೋಗರೆ ಡಬ್ಬಿ ತೆಗೆದೆ. ಇಂಗು, ಎಳ್ಳಿನ ವಾಸನೆ ಹತ್ತು ಜನರ ಮೂಗಿಗೂ ಒಟ್ಟಿಗೇ ಹೊಡೆಯಿತು, ಹೊರಹೋಗಲು ದಾರಿಯೇ ಇಲ್ಲವಲ್ಲ. ಲೀಡರ್ ಒಂದು ಚಮಚ ಕೇಳಿ ತಿಂದರು. ಕೆಂಪು ಮೆಣಸಿನಕಾಯಿಯನ್ನೂ ಕಚ್ಚಿಬಿಟ್ಟರು. ಕಣ್ಣೀರು ಒರೆಸಿಕೊಳ್ಳುತ್ತಲೇ ಮ್ಯಾಪ್ ಬಿಡಿಸಿ ನನ್ನ ತೊಡೆಯ ಮೇಲೆ ಹರಡಿದರು.

"ಈ ಗೆರೆಗಳು ಗೊತ್ತಾ?" ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸುತ್ತುಗೆರೆಗಳು. ಶಾಲೆಯಲ್ಲಿ ಓದಿದ್ದೆ. ಆ ಉಪಾಯ ಹೆಸರು ಮಾಡಿದ್ದು ನಾವು ಕೂತಿದ್ದ ಬೆಟ್ಟದಿಂದ. 1774ರಲ್ಲಿ ನೆವಿಲ್ ಮ್ಯಾಸ್ಕಲಿನ್ ಎಂಬ ಖಗೋಳ ವಿಜ್ಞಾನಿ ಇಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟಿದ್ದರು. ತೂಗುಬಿಟ್ಟ ಗುಂಡನ್ನು ಬೆಟ್ಟ ತನ್ನ ಕಡೆ ಎಷ್ಟು ಎಳೆಯುತ್ತದೆ ಅಂತ ಅಳೆದು, ಅದರಿಂದ ಭೂಮಿಯ ತೂಕ ಹಿಡಿಯುವ ಪ್ರಯತ್ನ. ಅದಕ್ಕೆ ಬೆಟ್ಟದ ಗಾತ್ರ ಗೊತ್ತಾಗಬೇಕಿತ್ತು. ಲೆಕ್ಕ ಮಾಡಲು ಕೂತ ಚಾರ್ಲ್ಸ್ ಹಟನ್ ಸಾವಿರಾರು ಅಂಕಿಗಳ ರಾಶಿಯಲ್ಲಿ ಒಂದೇ ಎತ್ತರದವನ್ನು ಗೆರೆ ಎಳೆದು ಸೇರಿಸಿದರು. ಒಮ್ಮೆಲೇ ಬೆಟ್ಟದ ಆಕಾರ ಕಾಗದದ ಮೇಲೆ ಕಂಡಿತು. "ಇವತ್ತು ನಮಗೆ ಬೆಟ್ಟ ಕಾಣುವುದು ಇದರಲ್ಲೇ" ಅಂತ ಮ್ಯಾಪ್ ತಟ್ಟಿದರು.

ಅಲ್ಲಿಂದ ಮುಂದೆ ನನ್ನನ್ನು ತಮ್ಮ ಹಿಂದೆಯೇ ನಡೆಸಿಕೊಂಡರು. ಶಿಕ್ಷೆ ಅಂದುಕೊಂಡೆ. ಅಲ್ಲ, ಕೆಲಸ ಕೊಟ್ಟರು. ತುದಿ ಮುಟ್ಟಿದೆವು, ಏನೂ ಕಾಣಲಿಲ್ಲ. ಇಳಿಯುವಾಗ ಕಾಂಪಸ್ ನನ್ನ ಕೈಯಲ್ಲಿ. ಮುಳ್ಳು ನೋಡಿಕೊಂಡು ಪೂರ್ವಕ್ಕೆ ನಡೆಯಬೇಕು, ಹತ್ತು ನಿಮಿಷಕ್ಕೊಮ್ಮೆ ನಿಂತು ಹಿಂದೆ ತಿರುಗಿ ತಲೆ ಎಣಿಸಬೇಕು. ಮೊದಲ ಸಲ ಎಣಿಸಿದಾಗ ಒಂಬತ್ತು ಬಂತು. ಎದೆ ಧಸಕ್ಕೆಂದಿತು. ಮತ್ತೆ ಎಣಿಸಿದೆ. ಒಂಬತ್ತೇ. ಲೀಡರ್ ನಗುತ್ತಾ ತಮ್ಮ ಬೆರಳಿಂದ ನನ್ನ ಎದೆ ಮುಟ್ಟಿದರು.

ಕಾರಿನ ಹತ್ತಿರ ಬಂದಾಗ ಬೆಳಕು ಇಳಿಯುತ್ತಿತ್ತು. ಅಲ್ಲಿ ಸಿಗ್ನಲ್ ಇರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಕಾರು ನಿಲ್ಲಿಸಿ ಗಂಡನಿಗೆ ಫೋನ್ ಮಾಡಿದರು. ಯಾವ ದಾರಿಯಲ್ಲಿ ಎಷ್ಟು ಜನ ಹೋಗಿದ್ದಾರೆ ಅನ್ನುವ ಚೀಟಿ ಬೆಳಿಗ್ಗೆಯಿಂದ ಅವರ ಮುಂದೆ ಇತ್ತಂತೆ. ಏಳು ಗಂಟೆಯೊಳಗೆ ಫೋನ್ ಬರದಿದ್ದರೆ 999ಕ್ಕೆ ಮಾಡಿ ಪೊಲೀಸರನ್ನು, ಅವರ ಮೂಲಕ ಬೆಟ್ಟದ ರಕ್ಷಣಾ ತಂಡವನ್ನು ಎಬ್ಬಿಸುವುದು ಅವರ ಪಾಲಿನ ಕೆಲಸ. ಆ ತಂಡದವರೂ ಸಂಬಳವಿಲ್ಲದವರೇ.

"ಹತ್ತು" ಅಂದರು ಲೀಡರ್, ಫೋನಿಗೆ. ಅಷ್ಟೇ ಅಂದಿದ್ದು. ಆ ಕಡೆಯಿಂದ ಫುಟ್‌ಬಾಲ್ ಗಲಾಟೆ ಕೇಳಿಸುತ್ತಿತ್ತು. ಯಾರೋ ಟಿವಿಯ ಸದ್ದು ಸಣ್ಣ ಮಾಡಿದರು.