ನಾಲ್ಕರಲ್ಲಿ ಏಲಕ್ಕಿಯೇ ಬರಬೇಕು

ಸಕಲೇಶಪುರದ ಕಡೆ ಮದುವೆ ಮನೆಯಲ್ಲಿ ಮೆಂಟಲಿಸಂ (ಎದುರಿನವರ ಮನಸ್ಸು ಓದಿದಂತೆ ಕಾಣೋ ಜಾದೂ) ತೋರಿಸೋಕೆ ಇಸ್ಪೀಟ್ ಕಟ್ಟೇ ಬೇಕಿಲ್ಲ. ಕಾಫಿ ಬೀಜ, ಮೆಣಸು, ಅಡಿಕೆ, ಏಲಕ್ಕಿ ಸಾಕು. ಚೀಟಿಯಲ್ಲಿ ‘ಏಲಕ್ಕಿ’ ಎಂದು ಬರೆದು, ಮಡಚಿ, ಮೊದಲೇ ಲೋಟದಡಿ ಇಟ್ಟಿರಿ.

ನಾಲ್ಕನ್ನೂ ಮೇಜಿನ ಮೇಲಿಟ್ಟು, ನೋಡುವವರಲ್ಲಿ ಒಬ್ಬರಿಗೆ “ಎರಡು ಕೈಗೂ ಒಂದೊಂದು ಎತ್ಕೊಳ್ಳಿ” ಅನ್ನಿ. ‘ಆರಿಸಿ’ ಅನ್ನಬೇಡಿ. ಆ ಮಾತು ಬಾಯಿಂದ ಬಿದ್ದರೆ, ಎತ್ತಿದ್ದು ಇಟ್ಟುಕೊಳ್ಳೋಕೋ ಬಿಡೋಕೋ ಅಂತ ಆಮೇಲೆ ಅರ್ಥ ಬದಲಿಸೋ ದಾರಿ ಮುಚ್ಚಿತು.

ಏಲಕ್ಕಿ ಅವರ ಕೈಗೆ ಬಂತೋ, ಮೇಜಿನ ಮೇಲಿದ್ದ ಎರಡನ್ನೂ ಪಕ್ಕಕ್ಕೆ ಸರಿಸಿ, “ಈಗ ಒಂದು ನನಗೆ ಕೊಡಿ” ಅನ್ನಿ. ಏಲಕ್ಕಿ ಕೊಟ್ಟರೆ, “ನೀವು ಕೊಟ್ಟಿದ್ದು ಇದು” ಎಂದು ಎತ್ತಿ ತೋರಿಸಿ. ಬೇರೆಯದು ಕೊಟ್ಟರೆ ಅದನ್ನು ಪಕ್ಕಕ್ಕೆ ಹಾಕಿ, “ಉಳಿದಿದ್ದನ್ನ ಮುಷ್ಟಿಯಲ್ಲಿ ಬಿಗಿಯಾಗಿ ಹಿಡೀರಿ.” ಏಲಕ್ಕಿ ಮೇಜಿನ ಮೇಲೇ ಉಳಿದರೆ, “ಕೈಯಲ್ಲಿರೋದು ಜೇಬಿಗೆ ಹಾಕ್ಕೊಳ್ಳಿ, ಇವೆರಡರಲ್ಲಿ ಒಂದರ ಮೇಲೆ ಬೆರಳಿಡಿ.” ಬೆರಳು ಏಲಕ್ಕಿ ಮೇಲಿದ್ದರೆ ಅದೇ, ಇಲ್ಲವಾದರೆ “ಅದನ್ನೂ ಆಚೆ ತಳ್ಳಿ.”

ಕೆಡೋದು ಸಾಮಾನ್ಯವಾಗಿ ಒಂದೇ ಕಡೆ: ಅವರು ಎತ್ತಿದ ಮೇಲೆ ನೀವು ಅರೆಗಳಿಗೆ ತಡವರಿಸುತ್ತೀರಿ. ಎಲ್ಲ ಕವಲುಗಳ ಮಾತೂ ಒಂದೇ ಓಟದಲ್ಲಿ ಬರುವಷ್ಟು ಬಾಯಿಪಾಠ ಆಗಿರಬೇಕು. ಎರಡನೇ ಸಲ ಮಾಡಿ ಅಂತ ಎಷ್ಟೇ ಗೋಗರೆದರೂ ಬೇಡ. ದಾರಿ ಬೇರೆಯಾದರೆ ಮಕ್ಕಳೇ ಮೊದಲು ಹಿಡಿಯೋದು.

ಇಸ್ಪೀಟೇ ಬೇಕಾದರೆ: ಚೀಟಿಯಲ್ಲಿ ಬರೆದ ಎಲೆ ಕಟ್ಟಿನ ಮೇಲಿರಲಿ. ಅವರು ಕಟ್ಟಿನ ಅರ್ಧ ಎತ್ತಿ ಕೆಳಗಿಡಲಿ, ಉಳಿದರ್ಧವನ್ನು ನೀವು ಅದರ ಮೇಲೆ ಅಡ್ಡಡ್ಡ ಇಡಿ. ಸ್ವಲ್ಪ ಹೊತ್ತು ಚೀಟಿಯ ಮಾತಾಡಿ, ಆಮೇಲೆ ಅಡ್ಡದ ಕಟ್ಟು ಎತ್ತಿ, ಕೆಳಗುಳಿದ ಕಟ್ಟಿನ ಮೇಲಿನ ಎಲೆ ತೋರಿಸಿ. ಮಾತಿಲ್ಲದೆ ತಕ್ಷಣ ಎತ್ತಿದರೆ ಗುಟ್ಟು ರಟ್ಟು.